ಕೆಂಪು ನೀರಿನ ಬೊಟ್ಟು

ನೀಲಾಂಬಿಕ ಸಿಟ್ಟು ಬಂದರೆ ಕೂಗಾಡುವವಳಲ್ಲ. ಸಿಟ್ಟನ್ನು ಮಾವಿನ ಮಿಡಿಯ ಹಾಗೆ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಟ್ಟದ ಮೇಲಿಡುವ ಜಾತಿ. ಹೈಸ್ಕೂಲಿನಲ್ಲಿ ಶರತ್ ಎಂಬ ಹುಡುಗ ಅವಳ ಜಡೆಗೆ ಚ್ಯೂಯಿಂಗ್ ಗಮ್ ಅಂಟಿಸಿದ್ದ. ಆವತ್ತು ಅವಳು ತುಟಿ ಪಿಟಕ್ಕೆನ್ನಲಿಲ್ಲ, ಜಡೆ ಕತ್ತರಿಸಿಕೊಂಡು ಸುಮ್ಮನಾದಳು. ಎಷ್ಟೋ ವರ್ಷ ಕಳೆದ ಮೇಲೆ ಅವನ ಮದುವೆಯ ಆರತಕ್ಷತೆಗೆ ಹೋಗಿ, ಸಾಲಿನಲ್ಲಿ ನಿಂತು, ವೇದಿಕೆ ಹತ್ತಿ, ಮದುಮಗಳಿಗೆ ಆ ಜಡೆಯ ಕಥೆಯನ್ನು ಸಾವಕಾಶವಾಗಿ ಹೇಳಿದಳು. ಬಣ್ಣದ ಕಾಗದ ಸುತ್ತಿದ ಚ್ಯೂಯಿಂಗ್ ಗಮ್ ಪೊಟ್ಟಣವನ್ನು ಮದುಮಗನ ಕೈಗಿಟ್ಟು, ಫೋಟೊಗೂ ನಿಂತು, ಇಳಿದು ಬಂದು ಊಟಕ್ಕೆ ಕೂತಳು. "ಮುಯ್ಯಿ ಅಂದ್ರೆ ಮುಯ್ಯಿ. ನಂಗೆ ಬಾಕಿ ಇಟ್ಕಂಡು ಅಭ್ಯಾಸ ಇಲ್ಲ" ಎಂದು ಪಂಕ್ತಿಯಲ್ಲಿ ಪಕ್ಕದವರಿಗೆ ಹೇಳಿದಳಂತೆ.

ಅಂಥವಳ ಚಿಕ್ಕಮ್ಮನ ತಂಟೆಗೆ ಅವಳ ಮ್ಯಾನೇಜರ್ ರಾಜಕುಮಾರ್ ಹೋದ. ಪಾಪ, ಅವನಿಗೆ ಗೊತ್ತಿರಲಿಲ್ಲ ಎನ್ನೋಣವೇ? ಪಾಪ ಗೀಪ ಏನೂ ಬೇಡ. ಅವನಿಗೆ ಬೇಕಾದಷ್ಟು ಗೊತ್ತಿತ್ತು.

ಚಿಕ್ಕಮ್ಮನ ಹೆಸರು ಉಚ್ಚಂಗಮ್ಮ. ಬಯಲುಸೀಮೆಯ ದೇವಿಯ ಹೆಸರು ಹೊತ್ತು ಸೊರಬದ ಕಡೆಗೆ, ಚಂದ್ರಗುತ್ತಿಯ ಹತ್ತಿರದ ಹಳ್ಳಿಗೆ, ಹೂವಪ್ಪನ ಹೆಂಡತಿಯಾಗಿ ಬಂದವಳು. ನೀಲಾಂಬಿಕಳನ್ನು ಹೆತ್ತು ಅಕ್ಕ ತೀರಿಕೊಂಡಾಗ ಆ ಕೂಸನ್ನು ಎತ್ತಿಕೊಂಡು ಬಂದು ಸಾಕಿದವಳು ಇವಳೇ. ಊರಿನಲ್ಲಿ ಅವಳ ಕೈಗುಣಕ್ಕೆ ಹೆಸರು. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎರೆಯುವುದಕ್ಕೆ ಉಚ್ಚಂಗಮ್ಮನೇ ಬರಬೇಕು. ಅವಳು ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ಎಣ್ಣೆ ತೀಡಿ ಬಿಸಿನೀರು ಹುಯ್ದರೆ ಎಂಥ ಹಟಮಾರಿ ಕೂಸೂ ಮಧ್ಯಾಹ್ನದ ತನಕ ಮಿಸುಕಾಡದೆ ನಿದ್ದೆ ಹೋಗುತ್ತಿತ್ತು. ಬಿತ್ತನೆಯ ದಿನ ಮೊದಲ ಹಿಡಿ ಬೀಜ ಅವಳ ಕೈಯಿಂದಲೇ ಬೀಳಲಿ ಎಂದು ಕರೆದುಕೊಂಡು ಹೋಗುವವರೂ ಇದ್ದರು.

ನೀಲಾಂಬಿಕಳಿಗೆ ಮಗ ಹುಟ್ಟಿದಾಗ ಎರೆಯುವುದಕ್ಕೆಂದು ಶಿಕಾರಿಪುರಕ್ಕೆ ಬಂದ ಉಚ್ಚಂಗಮ್ಮ ಹಾಗೇ ಉಳಿದುಕೊಂಡಳು. ಮಗು ಶಾಲೆಗೆ ಹೋಗತೊಡಗಿದ ಮೇಲೆ ಅವಳಿಗೆ ಹೊತ್ತು ಹೋಗುವುದೇ ಕಷ್ಟವಾಯಿತು. "ನಿನ್ನ ಲ್ಯಾಬಿನಾಗೆ ಪಾತ್ರೆ ತೊಳಿಯೋ ಕೆಲ್ಸ ಇದ್ರೆ ಹೇಳೇ. ಕೂತು ಕೂತು ಮೊಣಕಾಲು ಹಿಡ್ಕಂಡೈತೆ" ಎಂದಳು. ನೀಲಾಂಬಿಕಳೇ ಹೇಳಿ ಕೆಲಸ ಕೊಡಿಸಿದಳು. ಆಮೇಲಿನ ಸಿಟ್ಟಿನಲ್ಲಿ ಈ ಸಂಗತಿಯದೂ ಒಂದು ಪಾಲಿತ್ತು.

ಲ್ಯಾಬ್ ಇದ್ದದ್ದು ಅಂಜನಾಪುರದ ರಸ್ತೆಯಲ್ಲಿ, ಕಾಲುವೆ ದಾಟಿದ ಮೇಲೆ. ಬೀಜದ ಕಂಪನಿಯೊಂದರದ್ದು. ಮೆಕ್ಕೆಜೋಳದ ಬೀಜ ಹೇಳಿದ ತಳಿಯದ್ದೇ ಹೌದೋ, ನಡುವೆ ಕಲಬೆರಕೆ ಸೇರಿದೆಯೋ ಎಂದು ನೋಡುವುದು ಅಲ್ಲಿನ ಕೆಲಸ. ಬಿ.ಎಸ್ಸಿ. ಮುಗಿಸಿದ ನೀಲಾಂಬಿಕ ಅಲ್ಲಿ ಟೆಕ್ನಿಶಿಯನ್. ಮೊಳಕೆಯ ಎಲೆ ಅರೆದು, ಅದರೊಳಗಿನ ಡಿಎನ್‌ಎ ತೆಗೆದು, ಹಾಲ್ಬಾಯಿಯ ಹಾಗೆ ಹೆಪ್ಪುಗಟ್ಟಿದ ಜೆಲ್ಲಿನ ಕುಳಿಗಳಿಗೆ ಬಿಟ್ಟು ಕರೆಂಟು ಹಾಯಿಸಿದರೆ, ಡಿಎನ್‌ಎ ತುಂಡುಗಳು ಜೆಲ್ಲಿನೊಳಗೆ ಸರಿಯುತ್ತ ಹೋಗುತ್ತವೆ. ಸಣ್ಣವು ಮುಂದೆ, ದೊಡ್ಡವು ಹಿಂದೆ. ಆದರೆ ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಜೆಲ್ಲನ್ನು ಬಣ್ಣದ ನೀರಿನಲ್ಲಿ ನೆನೆಸಬೇಕು, ಬಣ್ಣ ಹೋಗಿ ಡಿಎನ್‌ಎಗೆ ಅಂಟಿಕೊಳ್ಳಬೇಕು. ಆಮೇಲೆ ಕತ್ತಲಲ್ಲಿ ನೇರಳೆ ದೀಪ ಹಾಕಿದರೆ ಕಿತ್ತಳೆ ಬಣ್ಣದ ಗೆರೆಗಳು ಹೊಳೆಯುತ್ತವೆ. ಆ ಗೆರೆ ನೋಡಿ ಬೀಜದ ಕುಲ ಹೇಳುತ್ತಾರೆ.

ಮೊದಲು ಅಲ್ಲಿ ಬಳಸುತ್ತಿದ್ದದ್ದು ಎಥಿಡಿಯಂ ಬ್ರೋಮೈಡ್ ಎಂಬ ಬಣ್ಣ. ಬಾಟಲಿಯಲ್ಲಿ ಕಡುಗೆಂಪು. ಕೆಲಸದಲ್ಲಿ ಗಟ್ಟಿಗ, ಗುಣದಲ್ಲಿ ಕೇಡಿಗ. ಬೀಜದ ಡಿಎನ್‌ಎ ಯಾವುದು, ಮುಟ್ಟಿದವರ ಡಿಎನ್‌ಎ ಯಾವುದು ಎಂಬ ಭೇದ ಅದಕ್ಕಿಲ್ಲ. ಜೀವಕೋಶದೊಳಗೆ ನುಸುಳಿ ಅಲ್ಲಿನ ಬರಹವನ್ನೇ ಕೆಡಿಸಬಹುದು ಎಂಬ ಭಯ ಎಲ್ಲ ಲ್ಯಾಬಿನವರಿಗೂ ಇದೆ. ಅದಕ್ಕೇ ಆ ಬಣ್ಣಕ್ಕೆ ಬೇರೆ ಮೇಜು, ಬೇರೆ ಡಬ್ಬಿ, ಕೈಗೆ ಗ್ಲೌಸು. ಉಚ್ಚಂಗಮ್ಮನಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. "ಅಂದ್ರೆ ಅದು ಮೈಲಿಗೆ ಮೂಲೆ. ಮುಟ್ಟಬಾರ್ದು, ಮುಟ್ಟಿದ್ರೆ ತೊಳ್ಕಬೇಕು" ಎಂದು ತಿಳಿದುಕೊಂಡಳು. ಬಣ್ಣ ನೋಡಿ ಅದಕ್ಕೆ ಆರತಿ ನೀರು ಎಂದು ಹೆಸರಿಟ್ಟಳು. ಅರಿಶಿನಕ್ಕೆ ಸುಣ್ಣ ಕಲಸಿದರೆ ಬರುತ್ತದಲ್ಲ, ಅದೇ ಕೆಂಪು. ಕೊನೆಗೆ ಲ್ಯಾಬಿನವರೆಲ್ಲರ ಬಾಯಲ್ಲೂ ಅದು ಆರತಿ ನೀರೇ ಆಯಿತು.

ಆಮೇಲೆ ಹೆಡ್ ಆಫೀಸಿನಿಂದ ಹುಕುಂ ಬಂತು. ಹಳೆಯ ಬಣ್ಣ ಸಾಕು, ಇನ್ನು ಮೇಲೆ ಸುರಕ್ಷಿತವಾದ ಹೊಸ ಬಣ್ಣ. ಹಳೆಯದರ ಎರಡು ಕಣಗಳನ್ನು ಬೆನ್ನಿಗೆ ಬೆನ್ನು ಕಟ್ಟಿ ದಪ್ಪ ಮಾಡಿದ ಹಾಗೆ ಅದು. ಮೈ ದೊಡ್ಡದಾದ್ದರಿಂದ ಜೀವಕೋಶದ ಬಾಗಿಲಲ್ಲಿ ಸುಲಭಕ್ಕೆ ತೂರುವುದಿಲ್ಲ. ನೋಡುವುದಕ್ಕೆ ಅದೂ ಕೆಂಪು, ಅದೇ ದೀಪದಲ್ಲಿ ಅದೇ ಕಿತ್ತಳೆ ಹೊಳಪು. ಪುಟ್ಟ ಪುಟ್ಟ ಬಾಟಲಿಗಳು ಬಂದವು. ಬಳಸುವಾಗ ಗ್ಲೌಸು ಇರಲಿ ಎಂದು ಅವುಗಳ ಮೇಲೂ ಬರೆದಿತ್ತು.

ಲ್ಯಾಬಿನ ಮ್ಯಾನೇಜರ್ ರಾಜಕುಮಾರ್ ಅದನ್ನು ಓದಿ ಹೇಳಲಿಲ್ಲ. ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ಎರಡೂ ಕೈ ಬೆನ್ನ ಹಿಂದೆ, ಏನಾದರೂ ತೋರಿಸಬೇಕಾದರೆ ಪೆನ್ನಿನ ತುದಿಯಿಂದ ತೋರಿಸುವ ಮನುಷ್ಯ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಭಾಷಣ ಮಾಡಿದ. "ಇನ್ಮೇಲೆ ಭಯ ಇಲ್ಲ ಉಚ್ಚಂಗಮ್ಮ. ಮೈಲಿಗೆ ಮುಗೀತು, ಎಲ್ಲಾ ಮಡಿ. ಇದು ನಿಮ್ಮನೆ ಆರತಿ ನೀರಿನಷ್ಟೇ ಸೇಫು. ಬೇಕಾದ್ರೆ ಹಣೆಗೂ ಹಚ್ಕೊಳ್ಳಿ."

ಎಲ್ಲರೂ ನಕ್ಕರು. ಗ್ಲೌಸಿನ ಪೆಟ್ಟಿಗೆ ತರಿಸುವುದು ನಿಂತಿತು. ಬೆವರಿ ತುರಿಕೆ ಬರಿಸುತ್ತಿದ್ದ ಆ ರಬ್ಬರು ಹೋಯಿತಲ್ಲ ಎಂದು ಉಚ್ಚಂಗಮ್ಮನಿಗೂ ಹಾಯೆನಿಸಿತು. ಬರಿಗೈಯಲ್ಲೇ ತಟ್ಟೆ ತೊಳೆದಳು, ಚೆಲ್ಲಿದ್ದನ್ನು ಒರೆಸಿದಳು. ಹೀಗೆ ಎರಡು ವರ್ಷ.

ಒಂದು ದಿನ ಹೆಡ್ ಆಫೀಸಿನಿಂದ ಸುರಕ್ಷತೆ ನೋಡುವ ಅಧಿಕಾರಿಯೊಬ್ಬ ಬಂದ. ಅವನ ಹತ್ತಿರ ನೇರಳೆ ಬೆಳಕಿನ ಕೈದೀಪ ಇತ್ತು. ಕಿಟಕಿಗಳನ್ನೆಲ್ಲ ಮುಚ್ಚಿಸಿ ದೀಪ ಹಿಡಿದರೆ ಬಾಗಿಲ ಹಿಡಿ ಕಿತ್ತಳೆ, ನಲ್ಲಿ ಕಿತ್ತಳೆ, ಕುರ್ಚಿಯ ತೋಳು ಕಿತ್ತಳೆ, ಉಚ್ಚಂಗಮ್ಮನ ಬುತ್ತಿಯ ಡಬ್ಬಿಯ ಮುಚ್ಚಳವೂ ಕಿತ್ತಳೆ. ಎಲ್ಲರೂ ಕೈ ಚಾಚಿ ಎಂದ. ನೀಲಾಂಬಿಕಳ ಉಗುರ ಸಂದಿಯಲ್ಲಿ ಒಂದಿಷ್ಟು ಚುಕ್ಕಿ ಹೊಳೆಯಿತು. ಉಚ್ಚಂಗಮ್ಮನ ಎರಡೂ ಅಂಗೈ ಕೆಂಡದ ಹಾಗೆ ಉರಿದವು. ಬೆವರು ಒರೆಸಿಕೊಂಡ ಹಣೆಯ ಮೇಲೂ ಒಂದು ಪಟ್ಟೆ.

ಅಧಿಕಾರಿ ಹುಬ್ಬು ಗಂಟಿಕ್ಕಿದ್ದೇ ತಡ, ರಾಜಕುಮಾರ್ ಮುಂದೆ ಬಂದ. "ನಾನು ಎಷ್ಟು ಹೇಳಿದ್ರೂ ಕೇಳಲ್ಲ ಸರ್ ಇವ್ರು. ಹಳ್ಳಿ ಜನ, ಶಿಸ್ತಿಲ್ಲ. ಈ ಮುದುಕಿ ಕೈ ಮುಟ್ಟಿದ್ದೆಲ್ಲ ವಿಷ. ಇವತ್ತೇ ಮನೆಗೆ ಕಳಿಸ್ತೀನಿ." ಹೇಳಿ ತನ್ನ ಕೈಗಳನ್ನು ದೀಪದ ಕೆಳಗೆ ಚಾಚಿದ. "ನೋಡಿ ಸರ್ ನನ್ನ ಕೈ. ಶುದ್ಧಹಸ್ತ."

ಹೌದು, ಒಂದು ಚುಕ್ಕಿಯೂ ಇರಲಿಲ್ಲ.

ಉಚ್ಚಂಗಮ್ಮ ಚಾಚಿದ ಕೈಯನ್ನು ಎಲ್ಲಿಡಬೇಕು ಎಂದು ತಿಳಿಯದೆ ಹಾಗೇ ನಿಂತಿದ್ದಳು. ಸೆರಗಿನಲ್ಲಿ ಮುಚ್ಚಿಕೊಳ್ಳಲು ಹೋಗಿ, ಸೆರಗಿಗೂ ತಾಗೀತು ಎಂದು ಬಿಟ್ಟಳು. ನೀಲಾಂಬಿಕ ಅದನ್ನು ನೋಡಿದಳು. ಹಲ್ಲು ಕಚ್ಚಿಕೊಂಡು ಚಿಕ್ಕಮ್ಮನನ್ನು ಮನೆಗೆ ಕರೆದುಕೊಂಡು ಹೋದಳು. ಜಾಡಿ ತುಂಬಿತ್ತು, ಬಟ್ಟೆ ಕಟ್ಟುವುದೊಂದೇ ಬಾಕಿ.

ಮಾತಿಗೆ ಕಾಲಿಲ್ಲದಿದ್ದರೂ ಬಸ್ಸಿಗಿಂತ ಮೊದಲೇ ಊರು ಮುಟ್ಟುತ್ತದೆ. ಉಚ್ಚಂಗಮ್ಮ ಗಂಟು ಕಟ್ಟಿಕೊಂಡು ಊರಿಗೆ ಹೋಗುವಷ್ಟರಲ್ಲಿ 'ಅವಳ ಕೈಯಲ್ಲಿ ವಿಷ ಐತಂತೆ' ಎಂಬ ಸುದ್ದಿ ಅಲ್ಲಿ ಬಂದು ಕೂತಿತ್ತು. ಕೂಸು ಎರೆಯಲು ಕರೆಯುತ್ತಿದ್ದವರು ಕರೆಯುವುದು ಬಿಟ್ಟರು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. "ನಿಮಗೂ ವಯಸ್ಸಾತಲ್ಲ, ಯಾಕೆ ತೊಂದ್ರೆ" ಎಂದರು. ಬೈದಿದ್ದರೇ ಚೆನ್ನಾಗಿತ್ತು. ಅವಳ ಮಗಳು ಶಶಿರೇಖಾ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಊರ ಕೂಸುಗಳನ್ನೆಲ್ಲ ಎರೆದ ಕೈ ತನ್ನ ಮೊಮ್ಮಗುವಿಗೆ ಎರೆಯುವ ಕಾಲ ಹತ್ತಿರ ಬಂದಿತ್ತು. ಉಚ್ಚಂಗಮ್ಮ ಮಾತ್ರ ಚಮಚದಲ್ಲಿ ಅನ್ನ ತಿನ್ನತೊಡಗಿದ್ದಳು.

ನೋಡಲು ಹೋದ ನೀಲಾಂಬಿಕಳಿಗೆ ಹೂವಪ್ಪ ಜಗುಲಿಯ ಮೇಲೆಯೇ ಹೇಳಿದ. ಅವನು ಮಾತು ಕಡಿಮೆಯ ಮನುಷ್ಯ. "ನಿನ್ನ ಚಿಕ್ಕಮ್ಮ ನನ್ನ ತಟ್ಟೆಗೂ ಬಡಿಸ್ತಿಲ್ಲ ಕಣಮ್ಮ. ಸೌಟು ಕೊಟ್ಟು, ನೀನೇ ಹಾಕ್ಕ ಅಂತಾಳೆ."

ಒಳಗೆ ಉಚ್ಚಂಗಮ್ಮ ಹೇಳಿದಳು, "ಶಶಿಗೆ ಹೇಳೀನಿ. ಬೇರೆ ಯಾರನ್ನಾರ ಗೊತ್ತು ಮಾಡ್ಕ, ನಾ ಕೂಸು ಮುಟ್ಟಲ್ಲ ಅಂತ."

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ನೀಲಾಂಬಿಕ ಆ ದಿನದ ಮಾತುಗಳನ್ನು ಒಂದೊಂದಾಗಿ ಹೆಕ್ಕಿ ನೋಡಿದಳು. ಹೊಸ ಬಣ್ಣ ಆರತಿ ನೀರಿನಷ್ಟು ಸೇಫು ಎಂದವನು ಅಧಿಕಾರಿಯ ಮುಂದೆ ವಿಷ ಎಂದ. ಅದು ಅವನ ಬಾಯಿಗೆ ಹೇಗೆ ಬಂತು? ಎರಡು ವರ್ಷ ಅದೇ ಲ್ಯಾಬಿನಲ್ಲಿದ್ದವನ ಕೈಯಲ್ಲಿ ಒಂದು ಚುಕ್ಕಿಯೂ ಇಲ್ಲ. ಅಷ್ಟು ಸೇಫಾದದ್ದನ್ನು ಮುಟ್ಟಲು ಅವನಿಗೇಕೆ ಅಷ್ಟು ಭಯ?

ಅವತ್ತಿನಿಂದ ಅವಳು ಅವನ ನೆರಳಾದಳು. ಒಂದು ಸೋಮವಾರ ಎಲ್ಲರಿಗಿಂತ ಮುಂಚೆ ಲ್ಯಾಬಿಗೆ ಹೋದವಳು ಬಾಗಿಲ ಗಾಜಿನಲ್ಲಿ ನೋಡಿದಳು. ರಾಜಕುಮಾರ್ ಎರಡು ಪದರ ಗ್ಲೌಸು ಹಾಕಿಕೊಂಡು, ತಲೆಬುರುಡೆಯ ಚಿತ್ರವಿದ್ದ ಹಳೆಯ ಕಂದು ಜಾಡಿಯಿಂದ ಹೊಸ ಬಣ್ಣದ ಖಾಲಿ ಬಾಟಲಿಗೆ ಆಲಿಕೆ ಇಟ್ಟು ಹುಯ್ಯುತ್ತಿದ್ದ. ಸುಟ್ಟು ನಾಶ ಮಾಡಲು ಕಳಿಸಿದ್ದೇನೆ ಎಂದು ಹೇಳಿದ್ದ ಹಳೆಯ ಬಣ್ಣ ಅವನ ಬೀರುವಿನಲ್ಲೇ ಬೀಗದೊಳಗೆ ಕೂತಿತ್ತು.

ಅವನಿಗೆ ಯಾಕೆ ಬೇಕಿತ್ತು ಈ ಕೆಲಸ? ಹಳೆಯದರಲ್ಲಿ ಗೆರೆ ಅಚ್ಚುಕಟ್ಟಾಗಿ ಬರುತ್ತದೆ ಎಂಬ ಜಂಬ ಒಂದು. ಎಲ್ಲ ಲ್ಯಾಬಿಗಿಂತ ತನ್ನಲ್ಲೇ ಹೊಸ ಬಣ್ಣದ ಖರ್ಚು ಕಡಿಮೆ ಎಂದು ಹೆಡ್ ಆಫೀಸಿನಲ್ಲಿ ಬೆನ್ನು ತಟ್ಟಿಸಿಕೊಳ್ಳುವ ಆಸೆ ಇನ್ನೊಂದು. ಅಷ್ಟಕ್ಕಾಗಿ ಒಬ್ಬ ಹೆಂಗಸಿನ ಕೈಗೆ ಕೇಡಿಟ್ಟ, ಆ ಕೈಗೇ ಕೆಟ್ಟ ಹೆಸರನ್ನೂ ಇಟ್ಟ. ಇಂಥವನನ್ನು ಏನೆಂದು ಬೈಯಬೇಕೋ ನನಗೆ ತಿಳಿಯದು.

ನೀಲಾಂಬಿಕ ಅಂದೇ ಹೆಡ್ ಆಫೀಸಿಗೆ ಫೋನು ಮಾಡಿದಳು. ಆ ಕಡೆಯವನು ವಿಚಾರಿಸುತ್ತೇವೆ ಎಂದ. ವಿಚಾರಿಸಿದ್ದು ಯಾರನ್ನು? ರಾಜಕುಮಾರನನ್ನೇ. ಮಾರನೆಯ ದಿನ ಬೀರು ಖಾಲಿ, ಜಾಡಿಗಳು ಎಲ್ಲೋ ಮಾಯ. ಅವನು ಅವಳ ಮೇಜಿನ ಹತ್ತಿರ ಬಂದು ಪೆನ್ನು ತೋರಿಸುತ್ತ ಹೇಳಿದ, "ಚಿಕ್ಕಮ್ಮನ ವಿಷಯದಲ್ಲಿ ಬೇಜಾರಾಗಿದೆ ನಿಮಗೆ, ಅರ್ಥ ಆಗುತ್ತೆ. ಆದ್ರೆ ತಲೆ ಕೆಡಿಸ್ಕೊಂಡು ಕೆಲಸ ಕಳ್ಕೋಬೇಡಿ."

"ಇಲ್ಲ ಸರ್. ತಲೆ ಸರಿಯಾಗೈತ್ರಿ" ಎಂದಳು ಅವಳು, ನಗುತ್ತ. ಶರತ್ ಆ ನಗೆ ನೋಡಿದ್ದರೆ ರಾಜಕುಮಾರನಿಗೆ ಊರು ಬಿಟ್ಟು ಹೋಗು ಎನ್ನುತ್ತಿದ್ದ.

ಸೇಡಿಗೆ ದಾರಿಯನ್ನು ರಾಜಕುಮಾರನೇ ಮಾಡಿಕೊಟ್ಟ. ಕಂಪನಿಯ ನಿರ್ದೇಶಕ ಹರ್ಷವರ್ಧನ ಹೆಂಡತಿಯ ಜೊತೆ ಬರುವವರಿದ್ದರು. ಅಧಿಕಾರಿ ಬಂದುಹೋದ ಮೇಲೆ ಲ್ಯಾಬನ್ನೆಲ್ಲ ತೊಳೆಸಿ ಅವನು ಕಳಿಸಿದ್ದ ವರದಿ ಮೆಚ್ಚಿ, ಕಂಪನಿಯ ಅತ್ಯಂತ ಸುರಕ್ಷಿತ ಪ್ರಯೋಗಾಲಯ ಎಂಬ ಫಲಕವನ್ನು ರಾಜಕುಮಾರನ ಕೈಗೆ ಕೊಡುವ ಸಮಾರಂಭ. ಸಂಭ್ರಮದಲ್ಲಿ ತೇಲುತ್ತಿದ್ದ ಅವನು ನೀಲಾಂಬಿಕಳಿಗೇ ಹೇಳಿದ, "ದಂಪತಿ ಬರ್ತಿದಾರೆ. ಬಾಗಿಲಲ್ಲಿ ಮುತ್ತೈದೆಯರಿಂದ ಆರತಿ ಆಗ್ಬೇಕು. ನೀವೊಬ್ಬರು ಇದೀರಿ, ಇನ್ನೊಬ್ಬರನ್ನ ಕರ್ಕೊಂಡು ಬನ್ನಿ. ಸಂಪ್ರದಾಯ ಚೆನ್ನಾಗಿ ಗೊತ್ತಿರೋರು ಬೇಕು."

"ಗೊತ್ತಿರೋರನ್ನೇ ಕರ್ಕಂಡ್ ಬರ್ತೀನ್ರಿ."

ಉಚ್ಚಂಗಮ್ಮ ಬರಲು ಒಪ್ಪಲಿಲ್ಲ. ನೀಲಾಂಬಿಕ ಕುಳಿತಲ್ಲಿಂದ ಏಳಲಿಲ್ಲ. "ನೀ ಬರ್ದಿದ್ರೆ ಆ ಬಾಟ್ಲಿ ತಗಂಡು ಅವನ ಮುಖಕ್ಕೇ ಎರಚ್ತೀನಿ ಚಿಕ್ಕಮ್ಮ. ಜೈಲಿಗೆ ಹೋಗ್ತೀನಿ. ನನ್ನ ಮಗನ್ನ ನೀನೇ ನೋಡ್ಕ."

ಅವಳು ಮಾಡಿಯೇ ತೀರುವವಳು ಎಂದು ಸಾಕಿದವಳಿಗೆ ಗೊತ್ತಿತ್ತು. ಹುಡುಗಿಯನ್ನು ಕಾಯುವುದಕ್ಕೆಂದೇ ಉಚ್ಚಂಗಮ್ಮ ಹಸಿರು ಸೀರೆ ಉಟ್ಟು ಹೊರಟಳು. "ಆರತಿ ತಟ್ಟೆ ಹಿಡೀತೀನಿ, ನೀರು ಮಾತ್ರ ನಾ ಕಲಸಲ್ಲ" ಎಂದು ಕರಾರು ಹಾಕಿದಳು.

ಸಮಾರಂಭದ ದಿನ ನೀಲಾಂಬಿಕ ಜೆಲ್ ಕೋಣೆಯಲ್ಲಿ ಒಬ್ಬಳೇ ಆರತಿ ತಟ್ಟೆ ಇಟ್ಟುಕೊಂಡು ನಿಂತಿದ್ದಳು. ಒಂದು ಕೈಯಲ್ಲಿ ಅರಿಶಿನ ಸುಣ್ಣ. ಶೆಲ್ಫಿನ ಮೇಲೆ ಕೆಂಪು ಬಾಟಲಿ. ನಿಜ ಹೇಳಬೇಕೆಂದರೆ ಅವಳು ಬಾಟಲಿಯ ಮುಚ್ಚಳ ತೆಗೆದಳು. ಹೊಟ್ಟೆಯಲ್ಲಿನ ಬೆಂಕಿ ಹುಯ್ಯಿ ಹುಯ್ಯಿ ಎನ್ನುತ್ತಿತ್ತು. ಅವನ ಹಣೆಗೆ ಅವನದೇ ನಂಜು ತಾಗಲಿ, ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಂಡು ಹೆದರಲಿ. ಆದರೆ ತಟ್ಟೆಯ ಇನ್ನೊಂದು ಅಂಚು ಹಿಡಿಯುವುದು ಚಿಕ್ಕಮ್ಮನ ಕೈ ಎಂಬುದು ನೆನಪಾಯಿತು. ಬಾಟಲಿ ಮುಚ್ಚಿದಳು. ಅರಿಶಿನಕ್ಕೆ ಸುಣ್ಣ ಹಾಕಿ ಬೆರಳಲ್ಲಿ ಕಲಸಿದಳು. ನೀರು ಕೆಂಪಗಾಯಿತು.

ಬಾಗಿಲಲ್ಲಿ ಉಚ್ಚಂಗಮ್ಮನನ್ನು ಕಂಡ ರಾಜಕುಮಾರನ ಮುಖ ಹುಳ್ಳಗಾಯಿತು. ಅಷ್ಟರಲ್ಲಿ ಕಾರು ಬಂದು ನಿಂತಿತ್ತು. ಅತಿಥಿಗಳ ಎದುರು ಆರತಿ ಹಿಡಿದ ಮುತ್ತೈದೆಯನ್ನು 'ಆಚೆ ಹೋಗು' ಎನ್ನುವ ಹಾಗಿಲ್ಲ. ಇಬ್ಬರು ಹೆಂಗಸರೂ ತಟ್ಟೆ ಹಿಡಿದು ದಂಪತಿಗೆ ಬೆಳಗಿದರು. ನೀಲಾಂಬಿಕ ಕೆಂಪು ನೀರಿನಲ್ಲಿ ಬೆರಳದ್ದಿ ಹರ್ಷವರ್ಧನರಿಗೂ ಅವರ ಹೆಂಡತಿಗೂ ಬೊಟ್ಟಿಟ್ಟಳು.

"ಸರ್, ನೀವೂ ಬರ್ರಿ. ಇವತ್ತಿನ ಸನ್ಮಾನ ನಿಮ್ದೇ ಅಲ್ಲೇನ್ರಿ" ಎಂದು ರಾಜಕುಮಾರನನ್ನು ಕರೆದಳು. ಅವನು ಅಂಗಿ ಸರಿಮಾಡಿಕೊಂಡು ಬಂದು ನಿಂತ. ಆರತಿ ಸುತ್ತಿತು. ಬೆರಳು ತಟ್ಟೆಗೆ ಅದ್ದುತ್ತ ಎಲ್ಲರಿಗೂ ಕೇಳುವ ಹಾಗೆ ನೀಲಾಂಬಿಕ ಹೇಳಿದಳು, "ಮನೆಯಿಂದ ಅರಿಶಿನ ಸುಣ್ಣ ತರೋದು ಮರ್ತೇ ಹೋಗಿತ್ರಿ ಸರ್. ನಮ್ಮ ಹೊಸ ಬಣ್ಣದ ಬಾಟ್ಲಿಯಿಂದಾನೇ ಒಂದಿಷ್ಟು ಹಾಕ್ಬಿಟ್ಟೆ. ನೀವೇ ಹೇಳಿದ್ರಲ್ರಿ, ಬೇಕಾದ್ರೆ ಹಣೆಗೂ ಹಚ್ಕೊಳ್ಳಿ ಅಂತ."

ಉಚ್ಚಂಗಮ್ಮ ತಟ್ಟೆಯನ್ನು ಮೈಯಿಂದ ದೂರಕ್ಕೆ ಹಿಡಿದಳು. ಅವಳೂ ನಂಬಿದ್ದಳು.

ಹರ್ಷವರ್ಧನರು ಹಣೆ ಮುಟ್ಟಿಕೊಂಡು ಅರೆಬರೆ ನಕ್ಕರು. "ಇದು ಸೇಫ್ ತಾನೇ ರಾಜಕುಮಾರ್?"

"ಸೇಫ್... ಸೇಫೇ ಸರ್."

"ಹಂಗಾದ್ರೆ ಸ್ವಲ್ಪ ಬಗ್ರಿ" ಎಂದು ನೀಲಾಂಬಿಕ ಬೆರಳು ಮುಂದೆ ತಂದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಒಂದು ಹೆಜ್ಜೆ ಮುಂದೆ ಇಟ್ಟಳು. ಹಿಂದೆ ಗೋಡೆ ಬಂತು. ಬೆರಳು ಹಣೆಗೆ ಒತ್ತಿತು, ಕೆಂಪು ನೀರು ಮೂಗಿನ ಮೇಲೆ ಇಳಿಯಿತು.

ಅವನು ಅವಳನ್ನು ತಳ್ಳಿ ಓಡಿದ. ನಲ್ಲಿಯ ಕೆಳಗೆ ತಲೆ ಕೊಟ್ಟು, ಸೋಪು ಹಚ್ಚಿ, ಚರ್ಮ ಕಿತ್ತುಬರುವ ಹಾಗೆ ಹಣೆ ತಿಕ್ಕಿಕೊಂಡ. ಬಿಳಿ ಅಂಗಿ ತೊಯ್ದು ಮೈಗಂಟಿತು. ನಿರ್ದೇಶಕರ ಹೆಂಡತಿ ಇನ್ನೂ ಬೊಟ್ಟಿಟ್ಟುಕೊಂಡೇ ನಿಂತಿದ್ದು ಕಂಡು ಅವನ ಜೀವ ಬಾಯಿಗೆ ಬಂತು. "ಮೇಡಂ, ತೊಳ್ಕೊಳ್ಳಿ, ಬೇಗ ಬನ್ನಿ. ಅದು ಹೊಸದಲ್ಲ. ಬಾಟ್ಲಿಯೊಳಗಿರೋದು ಹಳೇದು."

 ನಲ್ಲಿ ಸುರಿಯುತ್ತಲೇ ಇತ್ತು.

"ಹಳೇದು ಅಂದ್ರೆ?" ಎಂದರು ಹರ್ಷವರ್ಧನ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇವನು ಹಣೆಯನ್ನೇ ತಿಕ್ಕಿಕೊಂಡಿದ್ದ. ಆಡಿದ ಮಾತನ್ನು ನುಂಗಲಾರದೆ, ಗದ್ದದಿಂದ ನೀರು ತೊಟ್ಟಿಕ್ಕಿಸುತ್ತ ನಿಂತ.

"ಗಾಬರಿ ಬ್ಯಾಡ್ರಿ ಮೇಡಂ" ಎಂದಳು ನೀಲಾಂಬಿಕ. "ಮರ್ತೀನಿ ಅಂದಿದ್ದು ಸುಳ್ಳು. ನಿಮ್ಮ ಹಣೆ ಮೇಲಿರೋದು ಅರಿಶಿನ ಸುಣ್ಣಾನೇ." ಆಮೇಲೆ ರಾಜಕುಮಾರನ ಕಡೆ ತಿರುಗಿದಳು. "ನಿಮಗೆ ಒಂದು ಬೊಟ್ಟು ಅಂದಿದ್ದಕ್ಕೇ ಜೀವ ಹೋತಲ್ರಿ ಸರ್. ನಮ್ಮ ಚಿಕ್ಕಮ್ಮಂಗೆ ಎರಡು ವರ್ಷ ಮೊಣಕೈ ತನಕ ಇತ್ತು."

ಫಲಕ ಕಾರಿನಿಂದ ಇಳಿಯಲೇ ಇಲ್ಲ. ಹರ್ಷವರ್ಧನರು ಆವತ್ತೇ ಬಾಟಲಿಗಳನ್ನು ಪರೀಕ್ಷೆಗೆ ಕಳಿಸಿದರು. ಹಳೆಯ ಜಾಡಿಗಳು ರಾಜಕುಮಾರನ ಮನೆಯ ಹಿಂದಿನ ಶೆಡ್ಡಿನಲ್ಲಿ ಸಿಕ್ಕವು. ಕೆಲಸ ಹೋಯಿತು, ಕೇಸೂ ಆಯಿತು. ಊರು ಅವನಿಗೆ 'ಬೊಟ್ಟಿನ ರಾಜಕುಮಾರ' ಎಂದು ಹೆಸರಿಟ್ಟಿತು. ನೀಲಾಂಬಿಕ ಸಂತೆಗೆ ಹೋಗುವಾಗ ಬೇಕೆಂದೇ ಸುತ್ತು ಹಾಕಿ ಅವನ ಮನೆಯ ಮುಂದೆ ಹಾದು, ಅವನು ಹೊರಗೆ ಕಂಡರೆ, "ಹಣೆ ಹೆಂಗೈತ್ರಿ ಸರ್?" ಎಂದು ಕೇಳುತ್ತಿದ್ದಳು. ಅತಿಯಾಯಿತು ಎಂದವರೂ ಇದ್ದಾರೆ. ನನಗೇನೂ ಹಾಗನಿಸಲಿಲ್ಲ.

ಆದರೆ ಸಮಾರಂಭದ ದಿನವೇ ನಡೆದ ಇನ್ನೊಂದನ್ನು ಹೇಳಬೇಕು. ಸಂಜೆ ಸೊರಬದ ಬಸ್ಸಿನಲ್ಲಿ ನೀಲಾಂಬಿಕ ಗೆದ್ದ ಖುಷಿಯಲ್ಲಿ ಮಾತಾಡುತ್ತಲೇ ಇದ್ದಳು. ಉಚ್ಚಂಗಮ್ಮ ಕಿಟಕಿಯಾಚೆ ನೋಡುತ್ತಿದ್ದವಳು ಕೊನೆಗೆ ಹೇಳಿದಳು, "ಅಂದ್ರೆ ಅವ್ನು ಅಂದಿದ್ದು ಖರೇನೇ ಆತಲ್ಲೇ ನೀಲೂ. ನನ್ನ ಕೈಯಾಗೆ ವಿಷಾನೇ ಇತ್ತು."

ಅದು ನೀಲಾಂಬಿಕಳಿಗೆ ಹೊಳೆದಿರಲೇ ಇಲ್ಲ. ಅವನ ಮುಖಕ್ಕೆ ಮಸಿ ಬಳಿಯುವ ಭರದಲ್ಲಿ, ಅವನು ಆಡಿದ್ದ ಮಾತಿಗೆ ತಾನೇ ಸಾಕ್ಷಿ ಹೇಳಿ ಬಂದಂತಾಗಿತ್ತು. ಚಿಕ್ಕಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಕುಳಿತಿದ್ದಳು, ಯಾರದೋ ಸಾಮಾನು ಹಿಡಿದುಕೊಂಡವಳ ಹಾಗೆ.

ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದಾಯಿತು. ಚರ್ಮದ ಮೇಲಿನದು ಹಳೆಯ ಚರ್ಮದ ಜೊತೆ ಕೆಲವೇ ವಾರಗಳಲ್ಲಿ ಉದುರಿಹೋಗುತ್ತದೆ, ಒಳಗೆ ಏನಾದರೂ ಆಗಿದೆ ಎನ್ನುವ ಲಕ್ಷಣ ಕಾಣುವುದಿಲ್ಲ, ಖಂಡಿತ ಏನೂ ಆಗುವುದಿಲ್ಲ ಎಂದು ಯಾರೂ ಬರೆದುಕೊಡಲಾರರು, ಅವಳು ಮುಟ್ಟಿದರೆ ಯಾರಿಗೂ ಏನೂ ಆಗುವುದಿಲ್ಲ ಎಂಬುದಂತೂ ಖರೆ ಎಂದರು ಅವರು. ಉಚ್ಚಂಗಮ್ಮ ತಲೆಯಾಡಿಸಿದಳು. ಮನೆಗೆ ಬಂದು ಮತ್ತೆ ಚಮಚ ಹಿಡಿದಳು.

ಶಶಿರೇಖಾ ಹೆಣ್ಣು ಹೆತ್ತಳು. ಸ್ಪಂದನ ಎಂದು ಹೆಸರಿಡುವುದಾಗಿ ಮೊದಲೇ ಗೊತ್ತು ಮಾಡಿದ್ದರು. ಎರೆಯಲು ಪಕ್ಕದೂರಿನಿಂದ ಒಬ್ಬಳನ್ನು ಕರೆಸಿದ್ದರು. ಅವಳ ಕೈಯಲ್ಲಿ ಕೂಸು ದಿನಾ ಊರಿಗೆಲ್ಲ ಕೇಳುವ ಹಾಗೆ ಅಳುತ್ತಿತ್ತು. ಉಚ್ಚಂಗಮ್ಮ ಆ ಹೊತ್ತಿಗೆ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದಳು.

ಅಷ್ಟರಲ್ಲಿ ಲ್ಯಾಬಿಗೆ ಬೇರೆಯದೇ ಬಣ್ಣ ಬಂದಿತ್ತು. ಈಗ ಅಲ್ಲಿ ಕಣ್ಣನ್ನೂ ಚರ್ಮವನ್ನೂ ಸುಡದ ನೀಲಿ ಬೆಳಕು, ಜೆಲ್ಲಿನಲ್ಲಿ ಹಸಿರು ಗೆರೆ. ಅದಕ್ಕೂ ಗ್ಲೌಸು ಕಡ್ಡಾಯ, ನೀಲಾಂಬಿಕಳದೇ ಕಾಯಿದೆ. ಕೆಲಸವಿಲ್ಲದೆ ಬಿದ್ದಿದ್ದ ನೇರಳೆ ಕೈದೀಪವನ್ನು ಅವಳು ಕೇಳಿ ತೆಗೆದುಕೊಂಡು ಒಂದು ಭಾನುವಾರ ಊರಿಗೆ ಬಂದಳು. ಕೂಸಿಗೆ ನೀರು ಕಾಯುತ್ತಿತ್ತು. ಚಿಕ್ಕಮ್ಮನನ್ನು ರಟ್ಟೆ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋಗಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟಳು. ಬಾಣಂತಿ ಶಶಿರೇಖಾ ಕೂಸನ್ನೆತ್ತಿಕೊಂಡು ಒಳಗೇ ನಿಂತಿದ್ದಳು.

"ಕೈ ಚಾಚು."

"ಬ್ಯಾಡ ಕಣೆ. ಮತ್ತೆ ಅದೇ ದೀಪ ಬ್ಯಾಡ."

"ಚಾಚು ಅಂದೆ."

ದೀಪ ಹೊತ್ತಿತು. ಅಂಗೈಯ ಗೆರೆಗಳಲ್ಲಿ, ಉಗುರಿನ ಸುತ್ತ ಏನೋ ಹೊಳೆಯಿತು. ಉಚ್ಚಂಗಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. "ನೋಡ್ದಾ, ಹೋಗಿಲ್ಲ. ಇನ್ನೂ ಹೊಳಿತೈತೆ."

"ಕಣ್ಣು ಬಿಟ್ಟು ಸರಿಯಾಗಿ ನೋಡು. ಆವತ್ತು ಕಿತ್ತಳೆ ಇತ್ತು. ಇದು ಯಾವ ಬಣ್ಣ?"

ಉಚ್ಚಂಗಮ್ಮ ಬಗ್ಗಿ ನೋಡಿದಳು. ಹಸಿರು ಬೆರೆತ ಹಳದಿ.

"ಕೈಗೆ ಏನು ಹಚ್ಚಿದ್ದೆ?"

"ಏನಿಲ್ಲ. ದಿನಾ ಅರಿಶಿನ ತಿಕ್ಕಿ ತೊಳೀತೀನಿ, ಆ ವಿಷ ಹೋಗ್ಲಿ ಅಂತ."

"ಅರಿಶಿನಾನೂ ಈ ದೀಪದಾಗೆ ಹೊಳಿತದೆ ಚಿಕ್ಕಮ್ಮ. ಬೇಕಾದ್ರೆ ಡಬ್ಬಿ ತರ್ತೀನಿ, ನೀನೇ ನೋಡು. ಕಿತ್ತಳೆ ಒಂದು ಚುಕ್ಕೀನೂ ಇಲ್ಲ. ನಿನ್ನ ಕೈಯಾಗೆ ಇರೋದು ಬರೇ ಅರಿಶಿನ."

ಉಚ್ಚಂಗಮ್ಮ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಶಶಿರೇಖಾ ಮುಂದೆ ಬಂದು, "ನೀರು ಆರ್ತದೆ ಅವ್ವ" ಎಂದಷ್ಟೇ ಹೇಳಿ ಕೂಸನ್ನು ಆ ಕೈಗಳಿಗೆ ಹಾಕಿದಳು.

ಕಂಬಳಿ ಸರಿಯಿತು. ಉಚ್ಚಂಗಮ್ಮ ಸೀರೆ ಮೇಲೆತ್ತಿ ಕಟ್ಟಿ ಕಾಲು ಚಾಚಿ ಕುಳಿತಳು. ಎಣ್ಣೆ ತೀಡಿದಳು, ಬೆನ್ನು ತಟ್ಟಿದಳು, ಬಿಸಿನೀರು ಹುಯ್ದಳು. ಸ್ಪಂದನ ಒಂದೆರಡು ಸಲ ಕೊಸರಿ ಸುಮ್ಮನಾಯಿತು. ಒರೆಸಿ ಬಟ್ಟೆ ಸುತ್ತುವಷ್ಟರಲ್ಲಿ ನಿದ್ದೆ ಹೋಗಿತ್ತು. ಹೂವಪ್ಪ ಅಂಗಳದಿಂದ ಇಣುಕಿ, "ಏನು, ಕೂಸು ಅಳ್ಳೇ ಇಲ್ಲ?" ಎಂದ.

ಎರೆದ ಮೇಲೆ ದೃಷ್ಟಿ ತೆಗೆಯಬೇಕು. ನೀಲಾಂಬಿಕ ಅರಿಶಿನ ಸುಣ್ಣ ತರಲು ಎದ್ದಳು. "ನೀ ಕೂತ್ಕ" ಎಂದು ಉಚ್ಚಂಗಮ್ಮನೇ ಹೋಗಿ ತಂದು, ತನ್ನ ಬೆರಳಿನಿಂದಲೇ ತಟ್ಟೆಯಲ್ಲಿ ಕಲಸಿದಳು. ಕೆಂಪು ನೀರನ್ನು ಕೂಸಿನ ಸುತ್ತ ನಿವಾಳಿಸುತ್ತ ಹೇಳತೊಡಗಿದಳು, "ಆ ಕಣ್ಣು ಈ ಕಣ್ಣು, ಹೋಗೋರ ಕಣ್ಣು ಬರೋರ ಕಣ್ಣು, ನಾಯಿ ಕಣ್ಣು ನರಿ ಕಣ್ಣು..."

ನೀಲಾಂಬಿಕಳ ಕಡೆ ನೋಡಿ, ದನಿ ಗಟ್ಟಿ ಮಾಡಿದಳು.

"ಬಿಳಿ ಅಂಗಿ ರಾಜಕುಮಾರನ ಕಣ್ಣು, ಎಲ್ಲಾ ಸುಟ್ಟು ಹೋಗ್ಲಿ."

ದೃಷ್ಟಿ ತೆಗೆದ ಮೇಲೆ ಮೂರು ಸಲ ಥೂ ಎಂದು ಉಗಿಯುವುದು ಪದ್ಧತಿ. ಉಚ್ಚಂಗಮ್ಮ ಆವತ್ತು ನಾಲ್ಕು ಸಲ ಉಗಿದಳು.